ಡಾಕ್ಟರ್ ಹುದ್ದೆ ಕಡಿತವಿಲ್ಲ ಅಂದರೂ ಎಮರ್ಜೆನ್ಸಿ ಯಾಕೆ ತುಂಬಿಕೊಂಡಿದೆ? ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಬಿಕ್ಕಟ್ಟು

2025ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಬಗ್ಗೆ ಒಂದಕ್ಕೊಂದು ತಾಳೆಯಾಗದ ಮೂರು ಸುದ್ದಿಗಳು ಬಂದವು. ಮಾರ್ಚ್‌ನಲ್ಲಿ ಬಂದ ಸುದ್ದಿ: ಸುಮಾರು 80,000 ಸಿಬ್ಬಂದಿಯನ್ನು ಕಡಿಮೆ ಮಾಡುವ ಯೋಜನೆ ಇದೆ. ಜುಲೈನಲ್ಲಿ ಇಲಾಖೆ ಹೇಳಿತು: ಅಷ್ಟೊಂದು ಇಲ್ಲ, ಯಾರನ್ನೂ ಸಾಮೂಹಿಕವಾಗಿ ತೆಗೆಯುವುದಿಲ್ಲ, ರಾಜೀನಾಮೆ ಮತ್ತು ನಿವೃತ್ತಿಯಿಂದಲೇ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಸುಮಾರು 30,000 ಜನ ಕಡಿಮೆಯಾಗುತ್ತಾರೆ, ಚಿಕಿತ್ಸೆಗೆ ಏನೂ ತೊಂದರೆಯಾಗುವುದಿಲ್ಲ. ಆಗಸ್ಟ್‌ನಲ್ಲಿ ಅದೇ ಇಲಾಖೆಯ ಕೆಲಸವನ್ನು ಪರಿಶೀಲಿಸುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯ ವರದಿ ಬಂತು. 94% ಆಸ್ಪತ್ರೆಗಳು ತಮ್ಮಲ್ಲಿ ಡಾಕ್ಟರ್‌ಗಳ ತೀವ್ರ ಕೊರತೆ ಇದೆ ಎಂದಿದ್ದವು. 79% ಆಸ್ಪತ್ರೆಗಳು ನರ್ಸ್‌ಗಳ ಕೊರತೆ ಇದೆ ಎಂದಿದ್ದವು.

ಡಾಕ್ಟರ್‌ಗಳನ್ನು ತೆಗೆದಿಲ್ಲ. ಅವರ ನೇಮಕಕ್ಕೂ ತಡೆ ಇಲ್ಲ. ಹಾಗಿದ್ದರೆ ಕೊರತೆ ಎಲ್ಲಿಂದ ಬಂತು? ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಮೂರು ಸುದ್ದಿಯೂ ನಿಜವೇ. ಅವು ಹೇಗೆ ಒಟ್ಟಿಗೆ ನಿಜವಾಗುತ್ತವೆ ಎಂದು ತಿಳಿಯಬೇಕಾದರೆ ಆಸ್ಪತ್ರೆಯ ಒಂದೇ ಒಂದು ಜಾಗಕ್ಕೆ ಹೋಗಿ ನೋಡಿದರೆ ಸಾಕು. ಅದು ಎಮರ್ಜೆನ್ಸಿ. ಆಸ್ಪತ್ರೆಯ ಯಾವ ಮೂಲೆಯಲ್ಲಿ ಜನ ಕಡಿಮೆಯಾದರೂ ಅದರ ಭಾರ ಕೊನೆಗೆ ಬಂದು ಬೀಳುವುದು ಅಲ್ಲಿ, ಪಾಳಿಯಲ್ಲಿರುವ ಡಾಕ್ಟರ್ ಮೇಲೆ.

ಮೊದಲು ಸ್ವಲ್ಪ ಹಿನ್ನೆಲೆ

ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿಯೇ ಕೇಂದ್ರ ಸರ್ಕಾರದ ಒಂದು ಇಲಾಖೆ ಇದೆ. ಎಲ್ಲರೂ ಅದನ್ನು ವಿಎ ಎಂದೇ ಕರೆಯುತ್ತಾರೆ. 1930ರಲ್ಲಿ ಶುರುವಾದ ಸಂಸ್ಥೆ 1989ರಲ್ಲಿ ಪೂರ್ಣ ಪ್ರಮಾಣದ ಮಂತ್ರಿ ಖಾತೆಯಾಯಿತು. ಸುಮಾರು 170 ದೊಡ್ಡ ಆಸ್ಪತ್ರೆಗಳು, ಸಾವಿರಕ್ಕೂ ಹೆಚ್ಚು ಕ್ಲಿನಿಕ್‌ಗಳು, ಸುಮಾರು 90 ಲಕ್ಷ ನೋಂದಾಯಿತ ಮಾಜಿ ಸೈನಿಕರು. ಆಸ್ಪತ್ರೆ ಕಟ್ಟಡ ಸರ್ಕಾರದ್ದು, ಡಾಕ್ಟರ್ ಸರ್ಕಾರಿ ನೌಕರ, ಔಷಧವೂ ಸರ್ಕಾರದ್ದೇ. ಖಾಸಗಿ ವಿಮೆಯ ಮೇಲೆ ನಿಂತಿರುವ ಅಮೆರಿಕದಲ್ಲಿ ಹೀಗೆ ನಡೆಯುವ ಇಷ್ಟು ದೊಡ್ಡ ವ್ಯವಸ್ಥೆ ಬೇರೆ ಇಲ್ಲ ಎನ್ನಬಹುದು.

2014ರಲ್ಲಿ ಫೀನಿಕ್ಸ್‌ನ ವಿಎ ಆಸ್ಪತ್ರೆಯ ಹಗರಣ ಹೊರಬಿತ್ತು. ರೋಗಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದರೂ ಕಾಗದದ ಮೇಲೆ ಕಾಯುವ ಅವಧಿ ಕಡಿಮೆ ತೋರಿಸಲಾಗಿತ್ತು. ಇಲಾಖೆಯ ಮುಖ್ಯಸ್ಥ ಎರಿಕ್ ಶಿನ್‌ಸೆಕಿ ರಾಜೀನಾಮೆ ಕೊಟ್ಟರು. ಅಲ್ಲಿಂದ ಮುಂದೆ ಒಂದು ಹೊಸ ದಾರಿ ತೆರೆಯಿತು. ವಿಎಯಲ್ಲಿ ತಡವಾದರೆ, ದೂರವಾದರೆ, ಖಾಸಗಿ ಆಸ್ಪತ್ರೆಗೆ ಹೋಗಿ, ಬಿಲ್ ನಾವು ಕೊಡುತ್ತೇವೆ ಎಂಬ ದಾರಿ. 2018ರ ಮಿಷನ್ ಕಾಯ್ದೆ ಅದನ್ನು ಇನ್ನೂ ಅಗಲ ಮಾಡಿತು. ಇಂದಿನ ಜಗಳದ ಬೇರು ಇರುವುದು ಇಲ್ಲಿಯೇ.

ಈ ಎಮರ್ಜೆನ್ಸಿ ಬೇರೆ ಥರದ್ದು

ನಮ್ಮ ಊರಿನ ದೊಡ್ಡಾಸ್ಪತ್ರೆಯ ಕ್ಯಾಶುವಾಲ್ಟಿ ಎಂದರೆ ಬೈಕ್ ಅಪಘಾತ, ಹೆರಿಗೆ ನೋವು, ಜ್ವರದ ಮಗು, ಎಲ್ಲವೂ ಒಟ್ಟಿಗೆ. ವಿಎ ಎಮರ್ಜೆನ್ಸಿಯಲ್ಲಿ ಮಕ್ಕಳು ಇರುವುದಿಲ್ಲ ಎಂದೇ ಹೇಳಬಹುದು. ಹೆರಿಗೆ ಅಪರೂಪ. ರಸ್ತೆ ಅಪಘಾತದವರನ್ನು ಆಂಬ್ಯುಲೆನ್ಸ್‌ನವರು ನೇರವಾಗಿ ಟ್ರಾಮಾ ಸೆಂಟರ್‌ಗೆ ಒಯ್ಯುತ್ತಾರೆ. ಹಾಗಂತ ಇಲ್ಲಿನ ಡಾಕ್ಟರ್ ಕೆಲಸ ಹಗುರ ಎಂದುಕೊಂಡರೆ ತಪ್ಪು.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದ ಗಂಡಸರು. ಒಬ್ಬೊಬ್ಬರಿಗೂ ನಾಲ್ಕೈದು ಕಾಯಿಲೆ. ಸಕ್ಕರೆ, ಹೃದಯ, ಶ್ವಾಸಕೋಶ, ಕಿಡ್ನಿ. ಜೊತೆಗೆ ಹತ್ತು ಹದಿನೈದು ಮಾತ್ರೆ. ನೋವನ್ನು ನುಂಗಿಕೊಳ್ಳುವುದನ್ನು ಹದಿಹರೆಯದಲ್ಲೇ ಕಲಿತ ಜನ ಇವರು. ಎದೆ ಹಿಂಡುತ್ತಿದ್ದರೂ ‘ಸ್ವಲ್ಪ ಗ್ಯಾಸ್ ಇರಬೇಕು’ ಎನ್ನುತ್ತಾರೆ. ರೋಗಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದನ್ನು ಹುಡುಕುವುದೇ ಡಾಕ್ಟರ್‌ಗೆ ದೊಡ್ಡ ಕೆಲಸ.

ಅದಕ್ಕೇ ಇಲ್ಲಿ ಒಂದು ಪ್ರಶ್ನೆ ತುಂಬ ಮುಖ್ಯವಾಗುತ್ತದೆ: ‘ನೀವು ಯಾವ ವರ್ಷ, ಎಲ್ಲಿ ಸೇವೆಯಲ್ಲಿದ್ದಿರಿ?’ ವಿಯೆಟ್ನಾಂ ಎಂದರೆ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ವಿಷ. ಅದಕ್ಕೆ ಸಿಕ್ಕವರಿಗೆ ಬಂದ ಟೈಪ್ 2 ಸಕ್ಕರೆ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ ಇವನ್ನೆಲ್ಲ ಸೇವೆಯಿಂದ ಬಂದದ್ದು ಎಂದೇ ಸರ್ಕಾರ ಒಪ್ಪಿಕೊಂಡಿದೆ. ಇರಾಕ್, ಅಫ್ಘಾನಿಸ್ತಾನ ಎಂದರೆ ಕಸ, ಪ್ಲಾಸ್ಟಿಕ್, ಇಂಧನ ಎಲ್ಲವನ್ನೂ ಬಯಲಿನಲ್ಲಿ ಸುಡುತ್ತಿದ್ದ ದೊಡ್ಡ ಗುಂಡಿಗಳ ಹೊಗೆ. 2022ರ ಆಗಸ್ಟ್‌ನಲ್ಲಿ ಜಾರಿಯಾದ ಪ್ಯಾಕ್ಟ್ ಕಾಯ್ದೆ ಆ ಹೊಗೆ ಕುಡಿದವರ ಹಲವು ಕ್ಯಾನ್ಸರ್ ಮತ್ತು ಉಸಿರಾಟದ ಕಾಯಿಲೆಗಳನ್ನು ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸವೇ. ಆದರೆ ಅದರ ಜೊತೆಗೆ ಹೊಸ ರೋಗಿಗಳೂ ಜಾಸ್ತಿಯಾದರು.

ಇನ್ನೊಂದು ಭಾರ ಇದೆ, ಮಾತಿಗೆ ಸುಲಭವಾಗಿ ಸಿಗದ ಭಾರ. 2022ರಲ್ಲಿ 6,407 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕೆ 17ಕ್ಕೂ ಹೆಚ್ಚು. ಅದರಲ್ಲಿ 70%ಕ್ಕಿಂತ ಜಾಸ್ತಿ ಸಾವು ಬಂದೂಕಿನಿಂದ. ಹಾಗಾಗಿ ಬೆನ್ನುನೋವು ಎಂದು ಬಂದವರನ್ನೂ ವಿಎ ಎಮರ್ಜೆನ್ಸಿಯಲ್ಲಿ ಬದುಕು ಸಾಕು ಎನ್ನಿಸುತ್ತಿದೆಯಾ ಎಂದು ಕೇಳುತ್ತಾರೆ. ಮನೆಯಲ್ಲಿ ಬಂದೂಕು ಇದೆಯಾ, ಬೀಗ ಹಾಕಿ ಇಡುತ್ತೀರಾ ಎಂಬ ಮಾತೂ ಬರುತ್ತದೆ. ಬೇಕೆಂದವರಿಗೆ ಬಂದೂಕಿನ ಬೀಗವನ್ನು ಉಚಿತವಾಗಿ ಕೊಡುತ್ತಾರೆ. 2023ರ ಜನವರಿ 17ರಿಂದ ಕಾಂಪ್ಯಾಕ್ಟ್ ಕಾಯ್ದೆಯ ಪ್ರಕಾರ ಆತ್ಮಹತ್ಯೆಯ ಅಂಚಿನಲ್ಲಿರುವ ಅರ್ಹ ಮಾಜಿ ಸೈನಿಕರು ವಿಎಯಲ್ಲಿ ನೋಂದಾಯಿಸಿಕೊಳ್ಳದಿದ್ದರೂ ಉಚಿತ ತುರ್ತು ಚಿಕಿತ್ಸೆ ಪಡೆಯಬಹುದು. 30 ದಿನದವರೆಗೆ ಒಳರೋಗಿಯಾಗಿ, 90 ದಿನದವರೆಗೆ ಹೊರರೋಗಿಯಾಗಿ.

ಈ ಮಾತುಕತೆಗೆ ಹೊತ್ತು ಬೇಕು. ಐದು ನಿಮಿಷದಲ್ಲಿ ಯಾರೂ ಯಾರಿಗೂ ಇಂಥದ್ದನ್ನು ಹೇಳಿಕೊಳ್ಳುವುದಿಲ್ಲ.

9.32 ಮತ್ತು 11.67

ವಿಎ ಎಂದರೆ ಸರ್ಕಾರಿ ಆಸ್ಪತ್ರೆ, ಖಾಸಗಿಯೇ ವಾಸಿ ಎಂಬ ಮಾತು ಅಮೆರಿಕದಲ್ಲೂ ಇದೆ. ಅದನ್ನು ಪರೀಕ್ಷಿಸಲು ಸಂಶೋಧಕರು ಎಮರ್ಜೆನ್ಸಿಯನ್ನೇ ಆರಿಸಿಕೊಂಡರು. 65 ದಾಟಿದ ಮಾಜಿ ಸೈನಿಕರನ್ನು ಆಂಬ್ಯುಲೆನ್ಸ್ ಕೆಲವೊಮ್ಮೆ ವಿಎಗೆ ಒಯ್ಯುತ್ತದೆ, ಕೆಲವೊಮ್ಮೆ ಖಾಸಗಿಗೆ. 2001ರಿಂದ 2018ರವರೆಗಿನ ಸುಮಾರು 14.7 ಲಕ್ಷ ಆಂಬ್ಯುಲೆನ್ಸ್ ಪಯಣಗಳನ್ನು ಹೋಲಿಸಿ ನೋಡಿದರು. ಫಲಿತಾಂಶ 2022ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 30 ದಿನದೊಳಗೆ ತೀರಿಕೊಂಡವರು ವಿಎಯಲ್ಲಿ ನೂರಕ್ಕೆ 9.32, ಬೇರೆ ಆಸ್ಪತ್ರೆಗಳಲ್ಲಿ ನೂರಕ್ಕೆ 11.67. ಅಂದರೆ ವಿಎಯಲ್ಲಿ ಸಾವು ಸುಮಾರು 20% ಕಡಿಮೆ.

ಕಾರಣ ಏನು? ಇದೇ ಒಂದು ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ವಿಎ ಬಳಿ ಇದ್ದು ಖಾಸಗಿ ಎಮರ್ಜೆನ್ಸಿ ಬಳಿ ಇಲ್ಲದ ಒಂದು ವಸ್ತು ಕಣ್ಣಿಗೆ ಕಾಣುತ್ತದೆ: ರೋಗಿಯ ಪೂರ್ತಿ ಚರಿತ್ರೆ. ವಿಎಯ ಹಳೆಯ ಕಂಪ್ಯೂಟರ್ ದಾಖಲೆಯಲ್ಲಿ ಹತ್ತು ವರ್ಷದ ಹಿಂದಿನ ಇಸಿಜಿ, ಇನ್ನೊಂದು ರಾಜ್ಯದಲ್ಲಿ ಮಾಡಿಸಿದ ಸ್ಕ್ಯಾನ್, ಯಾವ ಮಾತ್ರೆಗೆ ಮೈ ತುರಿಸಿತ್ತು ಎಂಬುದು, ಎಲ್ಲವೂ ಸಿಗುತ್ತವೆ. ಮನೆಗೆ ಕಳುಹಿಸಿದ ಮೇಲೆ ಮುಂದಿನ ವಾರ ಯಾವ ಡಾಕ್ಟರ್ ನೋಡಬೇಕು ಎಂಬುದೂ ಅದೇ ಸೂರಿನಡಿ ಗೊತ್ತಾಗುತ್ತದೆ. ಎಮರ್ಜೆನ್ಸಿ ಡಾಕ್ಟರ್ ಒಬ್ಬರೇ ಜೀವ ಉಳಿಸುವುದಿಲ್ಲ. ಅವರ ಹಿಂದೆ ನಿಂತ ಇಡೀ ಸರಪಳಿ ಉಳಿಸುತ್ತದೆ. ಅದಕ್ಕೇ ಸರಪಳಿಯ ಕೊಂಡಿಗಳು ಕಳಚುತ್ತಿರುವುದನ್ನು ನಾವು ಹಗುರವಾಗಿ ನೋಡಬಾರದು.

ಒಬ್ಬ ರೋಗಿಯ ಹಿಂದೆ ಹೋಗೋಣ

ಉದಾಹರಣೆಗೆ ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ಮಧ್ಯಮ ಗಾತ್ರದ ವಿಎ ಆಸ್ಪತ್ರೆ, ಎಮರ್ಜೆನ್ಸಿಯಲ್ಲಿ 12 ಬೆಡ್. ಸಂಜೆ ಆರು ಗಂಟೆಗೆ 74 ವರ್ಷದ ಒಬ್ಬರು ಬರುತ್ತಾರೆ. ವಿಯೆಟ್ನಾಂನಲ್ಲಿ ಇದ್ದವರು. ಮಧ್ಯಾಹ್ನದಿಂದ ಎದೆ ಬಿಗಿ. ಹೆಂಡತಿ ಬಲವಂತ ಮಾಡಿ ಕರೆತಂದಿದ್ದಾರೆ.

ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಅದು ಆಗುತ್ತದೆ. ಡಾಕ್ಟರ್ ಹಳೆಯ ಇಸಿಜಿ ತೆಗೆದು ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಸಣ್ಣ ವ್ಯತ್ಯಾಸ ಇದೆ. ರಕ್ತ ತೆಗೆದು ಟ್ರೋಪೋನಿನ್ ಪರೀಕ್ಷೆಗೆ ಕಳುಹಿಸುತ್ತಾರೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಿದ್ದರೆ ಅದರಲ್ಲಿ ತಿಳಿಯುತ್ತದೆ. ಒಂದೇ ಸಲ ನೋಡಿದರೆ ಸಾಲದು, ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು. ಲ್ಯಾಬ್‌ನಲ್ಲಿ ರಾತ್ರಿ ಪಾಳಿಗೆ ಒಬ್ಬರು ಕಡಿಮೆ ಇದ್ದಾರೆ. ವರದಿ ತಡ. ಒಂಬತ್ತೂವರೆಗೆ ಎರಡನೇ ವರದಿ ಬರುತ್ತದೆ, ಅಂಕಿ ಏರಿದೆ. ಅಡ್ಮಿಟ್ ಮಾಡಬೇಕು.

ಮೇಲಿನ ವಾರ್ಡ್‌ನಲ್ಲಿ ಎರಡು ಬೆಡ್ ಖಾಲಿ. ಆದರೆ ಒಂದನ್ನು ಇನ್ನೂ ತೊಳೆದಿಲ್ಲ, ಸ್ವಚ್ಛತಾ ಸಿಬ್ಬಂದಿ ಒಬ್ಬರೇ ಮೂರು ಮಹಡಿ ನೋಡುತ್ತಿದ್ದಾರೆ. ಇನ್ನೊಂದು ಬೆಡ್ ತಯಾರಿದೆ, ನರ್ಸ್ ಇಲ್ಲ. ನರ್ಸ್ ಇಲ್ಲದ ಬೆಡ್ ಸುಮ್ನೆ ಒಂದು ಮಂಚ ಅಷ್ಟೆ. ಹಾಗಾಗಿ ರೋಗಿ ಎಮರ್ಜೆನ್ಸಿಯಲ್ಲೇ ಉಳಿಯುತ್ತಾರೆ. ಆಸ್ಪತ್ರೆಯವರ ಮಾತಿನಲ್ಲಿ ಇದಕ್ಕೆ ಬೋರ್ಡಿಂಗ್ ಎನ್ನುತ್ತಾರೆ. ಇಂಥವರು ಐದು ಜನ ಆದರೆ 12 ಬೆಡ್‌ನ ಎಮರ್ಜೆನ್ಸಿ 7 ಬೆಡ್‌ನದಾಗುತ್ತದೆ. ಡಾಕ್ಟರ್ ಸಂಖ್ಯೆ ಅಷ್ಟೇ ಇದೆ, ರೋಗಿಯನ್ನು ಮಲಗಿಸಿ ನೋಡಲು ಜಾಗ ಇಲ್ಲ. ಹೊರಗಿನ ಕುರ್ಚಿಗಳು ತುಂಬುತ್ತವೆ. ಇನ್ನೂ ಮುಂದೆ ಹೋದರೆ ಆಂಬ್ಯುಲೆನ್ಸ್‌ಗಳಿಗೆ ‘ಬೇರೆ ಕಡೆ ಹೋಗಿ’ ಎಂದು ಹೇಳಬೇಕಾಗುತ್ತದೆ.

ಅದೇ ಹೊತ್ತಿಗೆ 35 ವರ್ಷದ ಇನ್ನೊಬ್ಬರು ಬರುತ್ತಾರೆ. ಅಫ್ಘಾನಿಸ್ತಾನದಲ್ಲಿ ಇದ್ದವರು, ಮೂರು ರಾತ್ರಿ ನಿದ್ದೆ ಇಲ್ಲ, ಬದುಕುವ ಆಸೆ ಇಲ್ಲ ಎನ್ನುತ್ತಾರೆ. ಅವರ ಪಕ್ಕದಲ್ಲಿ ಒಬ್ಬರು ಸದಾ ಕೂತಿರಬೇಕು. ಮನೋವೈದ್ಯರೋ ಸೈಕಾಲಜಿಸ್ಟೋ ಬಂದು ಮಾತನಾಡಬೇಕು. ಅವರ ಬಳಿ ಆಯುಧ ಇಲ್ಲ ಎಂದು ಆಸ್ಪತ್ರೆಯ ಪೊಲೀಸರು ಖಚಿತಪಡಿಸಬೇಕು. ಈಗ ಆಗಸ್ಟ್‌ನ ವರದಿಯನ್ನು ಮತ್ತೆ ತೆಗೆದು ನೋಡಿ. ಚಿಕಿತ್ಸೆಯ ಹುದ್ದೆಗಳಲ್ಲಿ ಅತಿ ಹೆಚ್ಚು ಆಸ್ಪತ್ರೆಗಳು ತೀವ್ರ ಕೊರತೆ ಎಂದು ಹೇಳಿದ್ದು ಸೈಕಾಲಜಿಯಲ್ಲಿ. ಉಳಿದ ಹುದ್ದೆಗಳಲ್ಲಿ ಮೊದಲ ಸ್ಥಾನ ಪೊಲೀಸರದ್ದು. ಈ ರೋಗಿಗೆ ಅಂದು ರಾತ್ರಿ ಬೇಕಾದವರು ಇದೇ ಇಬ್ಬರು.

ಡಾಕ್ಟರ್ ಹುದ್ದೆ ಒಂದೂ ಕಡಿತವಾಗದೆ ಎಮರ್ಜೆನ್ಸಿ ಕುಂಟುವುದು ಹೀಗೆ.

ಎರಡೂ ಕಡೆಯವರ ಮಾತು

ಇಲಾಖೆಯ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 2025ರ ಜನವರಿಯಲ್ಲಿ ವಿಎ ಸಿಬ್ಬಂದಿ ಸುಮಾರು 4,84,000. ಜೂನ್ ಹೊತ್ತಿಗೆ ಅದು 4,67,000ಕ್ಕೆ ಇಳಿಯಿತು. ಇಷ್ಟು ದೊಡ್ಡ ಸಂಸ್ಥೆಯಲ್ಲಿ ಒಂದೇ ಕೆಲಸಕ್ಕೆ ಹಲವು ಕಚೇರಿಗಳಿವೆ, ಸಂಬಳ ಪಾವತಿ, ಖರೀದಿ, ಕಾಲ್ ಸೆಂಟರ್ ಇವನ್ನು ಒಂದುಗೂಡಿಸಿದರೆ ಉಳಿದ ದುಡ್ಡು ರೋಗಿಗೇ ಹೋಗುತ್ತದೆ ಎನ್ನುತ್ತದೆ ಮಂತ್ರಿ ದರ್ಜೆಯ ಕಾರ್ಯದರ್ಶಿ ಡಗ್ ಕಾಲಿನ್ಸ್ ಅವರ ಇಲಾಖೆ. 3,50,000ಕ್ಕೂ ಹೆಚ್ಚು ಹುದ್ದೆಗಳಿಗೆ ಆ ವರ್ಷ ಜಾರಿಯಲ್ಲಿದ್ದ ನೇಮಕ ತಡೆಯಿಂದ ವಿನಾಯಿತಿ ಇತ್ತು. ಇನ್‌ಸ್ಪೆಕ್ಟರ್ ಜನರಲ್ ವರದಿ ಆಸ್ಪತ್ರೆಗಳ ಅನಿಸಿಕೆಯನ್ನು ಲೆಕ್ಕಹಾಕಿದೆಯೇ ಹೊರತು ಖಾಲಿ ಹುದ್ದೆಗಳನ್ನಲ್ಲ, ನಿಜವಾದ ಖಾಲಿ ಪ್ರಮಾಣ ಡಾಕ್ಟರ್‌ಗಳಲ್ಲಿ 14%, ನರ್ಸ್‌ಗಳಲ್ಲಿ 10%, ಇದು ಹಿಂದಿನ ಸರಾಸರಿಯ ಮಟ್ಟದಲ್ಲೇ ಇದೆ ಎಂದೂ ಇಲಾಖೆ ಹೇಳಿತು.

ಇನ್ನೊಂದು ಕಡೆಯವರ ಉತ್ತರ ಹೀಗಿದೆ. ಅನಿಸಿಕೆಯೇ ಇರಲಿ, ಅದೇ ಪ್ರಶ್ನೆಯನ್ನು ಹಿಂದಿನ ವರ್ಷವೂ ಕೇಳಲಾಗಿತ್ತು. ಆಸ್ಪತ್ರೆಗಳು ಹೇಳಿದ ತೀವ್ರ ಕೊರತೆಗಳ ಒಟ್ಟು ಲೆಕ್ಕ ಒಂದೇ ವರ್ಷದಲ್ಲಿ 50% ಏರಿ 4,434ಕ್ಕೆ ಮುಟ್ಟಿದ್ದು ಹೇಗೆ? ವರದಿಯಲ್ಲಿದ್ದ ಎಲ್ಲ 139 ಆಸ್ಪತ್ರೆ ವ್ಯವಸ್ಥೆಗಳೂ ಕನಿಷ್ಠ ಒಂದು ತೀವ್ರ ಕೊರತೆಯನ್ನಾದರೂ ಹೇಳಿಕೊಂಡಿದ್ದೇಕೆ?

ನನ್ನ ಪ್ರಕಾರ ಇಬ್ಬರೂ ಬೇರೆ ಬೇರೆ ವಸ್ತುವನ್ನು ಅಳೆಯುತ್ತಿದ್ದಾರೆ. ಇಲಾಖೆ ತಲೆ ಎಣಿಸುತ್ತಿದೆ. ಆಸ್ಪತ್ರೆಗಳು ಪಾಳಿ ತುಂಬುತ್ತದೆಯಾ ಎಂದು ನೋಡುತ್ತಿವೆ. ರೋಗಿಗೆ ಮುಖ್ಯವಾಗುವುದು ಎರಡನೆಯದು. ಜೊತೆಗೆ, ನೇಮಕಕ್ಕೆ ತಡೆ ಇಲ್ಲ ಎಂದ ಮಾತ್ರಕ್ಕೆ ನೇಮಕ ನಡೆಯುತ್ತದೆ ಎಂದಲ್ಲ. ಅರ್ಜಿ ನೋಡಿ, ಲೈಸೆನ್ಸ್ ಪರಿಶೀಲಿಸಿ, ಕಡತ ಮುಂದೆ ಕಳುಹಿಸುವ ಕಚೇರಿಯಲ್ಲೇ ಜನ ಕಡಿಮೆಯಾದರೆ ಡಾಕ್ಟರ್ ಅರ್ಜಿ ಅಲ್ಲೇ ಕೂರುತ್ತದೆ. ಅಷ್ಟರಲ್ಲಿ ಆ ಡಾಕ್ಟರ್‌ಗೆ ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ.

ಹೊರಗೆ ಕಳುಹಿಸಿದರೆ ಆಯಿತಲ್ಲ?

ಇದು ಸಹಜವಾದ ಪ್ರಶ್ನೆ. ಮಾಜಿ ಸೈನಿಕರು ತುರ್ತಿನಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಹೋಗಬಹುದು, 72 ಗಂಟೆಯೊಳಗೆ ವಿಎಗೆ ತಿಳಿಸಬೇಕು. ಮನೆಯಿಂದ ವಿಎ ಎರಡು ಗಂಟೆ ದೂರ ಇರುವವರಿಗೆ ಇದು ಜೀವದಾನವೇ. ಈ ಸೌಲಭ್ಯ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಕಷ್ಟ ಶುರುವಾಗುವುದು ಅದನ್ನೇ ಮುಖ್ಯ ದಾರಿ ಮಾಡಿಕೊಂಡಾಗ. ಹೊರಗಿನ ಬಿಲ್ ಪಾವತಿಸುವುದೂ ವಿಎಯೇ. ಆ ಖರ್ಚು ಬೆಳೆದಷ್ಟೂ ಸ್ವಂತ ಆಸ್ಪತ್ರೆಗೆ ಉಳಿಯುವ ಹಣದ ಮೇಲೆ ಒತ್ತಡ. ಸ್ವಂತ ಆಸ್ಪತ್ರೆ ಸೊರಗಿದರೆ ಕಾಯುವ ಹೊತ್ತು ಜಾಸ್ತಿ. ಕಾಯಬೇಕಾದವರು ಹೊರಗೆ ಹೋಗುತ್ತಾರೆ, ಖರ್ಚು ಮತ್ತೆ ಬೆಳೆಯುತ್ತದೆ. ಇನ್ನು 72 ಗಂಟೆಯ ವಿಷಯ. ಎದೆನೋವಿನಲ್ಲಿ ಮಲಗಿದವರಿಗೆ, ಪಕ್ಕದಲ್ಲಿ ಗಾಬರಿಯಾಗಿ ಕೂತ ಹೆಂಡತಿಗೆ ಅದು ನೆನಪಿರುತ್ತದೆಯೇ? ಮರೆತರೆ ಬಿಲ್ ಮನೆಗೆ ಬರುವ ಅಪಾಯ ಇದೆ.

ನಮ್ಮ ದೇಶ ಮೊದಲಿಂದಲೂ ಈ ಇನ್ನೊಂದು ದಾರಿಯಲ್ಲೇ ಜಾಸ್ತಿ ನಡೆದಿದೆ. 2003ರ ಏಪ್ರಿಲ್ 1ರಂದು ಶುರುವಾದ, ಮಾಜಿ ಸೈನಿಕರ ಚಿಕಿತ್ಸೆಗಾಗಿ ಇರುವ ಇಸಿಎಚ್‌ಎಸ್ ಯೋಜನೆಯಲ್ಲಿ ಪಾಲಿಕ್ಲಿನಿಕ್‌ಗಳಿವೆ, ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಂಥ ಸೇನಾ ಆಸ್ಪತ್ರೆಗಳ ಆಸರೆಯೂ ಇದೆ. ಆದರೆ ಮಾಜಿ ಸೈನಿಕರಿಗೇ ಮೀಸಲಾದ, ಹಗಲು ರಾತ್ರಿ ಎಮರ್ಜೆನ್ಸಿ ಇರುವ ಆಸ್ಪತ್ರೆಗಳ ಜಾಲ ಇಲ್ಲ. ಮಡಿಕೇರಿಯಲ್ಲೋ ಬೆಳಗಾವಿಯಲ್ಲೋ ಮಧ್ಯರಾತ್ರಿ ಎದೆನೋವು ಬಂದರೆ ಮನೆಯವರು ಓಡುವುದು ಹತ್ತಿರದ ಆಸ್ಪತ್ರೆಗೆ. ಯೋಜನೆಯ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ ಇಲ್ಲೂ ಇದೆ. ಸರ್ಕಾರದಿಂದ ಬಿಲ್ ಬಾಕಿ ಉಳಿದಾಗ ಖಾಸಗಿ ಆಸ್ಪತ್ರೆಗಳು ಹಿಂದೆಮುಂದೆ ನೋಡುವುದನ್ನು ನಮ್ಮ ಮಾಜಿ ಸೈನಿಕರು ಬಲ್ಲರು. ಹಾಗಾಗಿ ಅಮೆರಿಕದ ಈ ಚರ್ಚೆ ನಮಗೆ ದೂರದ್ದಲ್ಲ.

ಡಾಕ್ಟರ್‌ಗಳು ಯಾಕೆ ಬರುತ್ತಾರೆ, ಯಾಕೆ ಹೋಗುತ್ತಾರೆ

ವಿಎಯಲ್ಲಿ ಡಾಕ್ಟರ್ ಸಂಬಳಕ್ಕೆ ಕಾನೂನಿನ ಮಿತಿ ಇದೆ. ವರ್ಷಕ್ಕೆ 4,00,000 ಡಾಲರ್, ಅಂದರೆ ಅಧ್ಯಕ್ಷರ ಸಂಬಳದಷ್ಟು. ದೊಡ್ಡ ಮೊತ್ತವೇ. ಆದರೂ ಕೆಲವು ಊರುಗಳಲ್ಲಿ ಖಾಸಗಿಯವರು ಅದಕ್ಕಿಂತ ಜಾಸ್ತಿ ಕೊಡುತ್ತಾರೆ. ಹಾಗಿದ್ದೂ ಜನ ಬರುತ್ತಿದ್ದದ್ದು ಬೇರೆ ಕಾರಣಗಳಿಗೆ. ಪಿಂಚಣಿ ಇದೆ. ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ದೇಶದ ಯಾವ ವಿಎಯಲ್ಲಾದರೂ ಕೆಲಸ ಮಾಡಬಹುದು. ಚಿಕಿತ್ಸೆಯಲ್ಲಿ ತಪ್ಪಾಯಿತೆಂದು ಮೊಕದ್ದಮೆ ಬಂದರೆ ಡಾಕ್ಟರ್ ಮೇಲಲ್ಲ, ಸರ್ಕಾರದ ಮೇಲೆ ಹೂಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಈ ರೋಗಿಯ ವಿಮೆ ಏನು ಎಂದು ಯೋಚಿಸದೆ ಅವರಿಗೆ ಬೇಕಾದದ್ದನ್ನು ಮಾಡುವ ನೆಮ್ಮದಿ. ಇಷ್ಟಕ್ಕೆಲ್ಲ ತಳಪಾಯ ಕೆಲಸದ ಭದ್ರತೆ. ಒಂದು ವರ್ಷ ಪೂರ್ತಿ ಕಡಿತದ ಮಾತೇ ಕೇಳಿಬಂದರೆ, ತನ್ನ ಹುದ್ದೆ ಉಳಿದರೂ ಅಕ್ಕಪಕ್ಕದವರು ಹೋಗುವುದನ್ನು ನೋಡಿದವರು ಬೇರೆ ಕಡೆ ಅರ್ಜಿ ಹಾಕಿದರೆ ಅವರನ್ನು ದೂರುವಂತಿಲ್ಲ.

ಹೊರದೇಶದ ಡಾಕ್ಟರ್‌ಗಳಿಗೂ ವಿಎಯಲ್ಲಿ ಒಂದು ಬಾಗಿಲಿದೆ. ಕರ್ನಾಟಕದ ಮೆಡಿಕಲ್ ಕಾಲೇಜುಗಳಲ್ಲಿ ಓದಿ ಅಮೆರಿಕಕ್ಕೆ ಹೋಗುವವರಲ್ಲಿ ಹಲವರು ಜೆ-1 ವೀಸಾದಲ್ಲಿ ತರಬೇತಿ ಪಡೆಯುತ್ತಾರೆ. ಅದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಅಮೆರಿಕದ ಅರ್ಹ ಡಾಕ್ಟರ್ ಸಿಗದ ಕಡೆ, ಮೂರು ವರ್ಷ ದುಡಿಯುವ ಕರಾರಿನ ಮೇಲೆ ಆ ಷರತ್ತು ಮನ್ನಾ ಮಾಡಿ ಎಂದು ವಿಎಯೇ ಶಿಫಾರಸು ಮಾಡಬಹುದು. 2025ರ ಸೆಪ್ಟೆಂಬರ್‌ನಲ್ಲಿ ಇಂಥ ಕೆಲಸಕ್ಕೆ ಬೇಕಾಗುವ ಎಚ್-1ಬಿ ವೀಸಾದ ಹೊಸ ಅರ್ಜಿಗೆ 1,00,000 ಡಾಲರ್ ಶುಲ್ಕ ಘೋಷಣೆಯಾದಾಗ ಇಂಥವರಲ್ಲಿ ದಿಗಿಲು ಹುಟ್ಟಿತು. ಅಮೆರಿಕದೊಳಗಿದ್ದೇ ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸದು ಎಂದು ಅಕ್ಟೋಬರ್‌ನಲ್ಲಿ ಸ್ಪಷ್ಟವಾಯಿತು. ಹೊರಗಿನಿಂದ ನೇರವಾಗಿ ಬರುವವರಿಗೆ ಮಾತ್ರ ಬಾಗಿಲು ಕಿರಿದಾಯಿತು.

ಮುಂದೆ ಏನನ್ನು ಗಮನಿಸಬೇಕು

ಸಿಬ್ಬಂದಿಯ ಒಟ್ಟು ಸಂಖ್ಯೆ ನೋಡಿದರೆ ಈ ವಿಷಯ ಅರ್ಥವಾಗದು. ಅಡ್ಮಿಟ್ ಎಂದು ತೀರ್ಮಾನವಾದ ಮೇಲೆ ವಾರ್ಡ್‌ನ ಬೆಡ್ ಸಿಗಲು ಎಷ್ಟು ಗಂಟೆ ಆಯಿತು, ಆಂಬ್ಯುಲೆನ್ಸ್‌ಗಳನ್ನು ಎಷ್ಟು ಹೊತ್ತು ಬೇರೆ ಕಡೆ ತಿರುಗಿಸಿದರು, ಡಾಕ್ಟರನ್ನು ನೋಡದೆಯೇ ಎದ್ದು ಹೋದವರು ಎಷ್ಟು, ಈ ಮೂರನ್ನು ನೋಡಬೇಕು.

ಇದರ ಜೊತೆಗೆ ಕಂಪ್ಯೂಟರ್ ವ್ಯವಸ್ಥೆಯನ್ನೂ ಬದಲಿಸಲಾಗುತ್ತಿದೆ. ಹಳೆಯ ದಾಖಲೆ ವ್ಯವಸ್ಥೆಯ ಜಾಗಕ್ಕೆ ಹೊಸದನ್ನು ತರಲು 2018ರಲ್ಲಿ ಒಪ್ಪಂದವಾಯಿತು. 2020ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನ ಆಸ್ಪತ್ರೆಯಲ್ಲಿ ಮೊದಲು ಶುರು ಮಾಡಿದರು. ಅಲ್ಲಿ ಡಾಕ್ಟರ್‌ಗಳು ಬರೆದ 11,000ಕ್ಕೂ ಹೆಚ್ಚು ಸೂಚನೆಗಳು ಸೇರಬೇಕಾದ ಕಡೆ ಸೇರದೆ, ಯಾರೂ ನೋಡದ ಒಂದು ಪಟ್ಟಿಯಲ್ಲಿ ಕೂತಿದ್ದವು. ಅದರಿಂದ 149 ಪ್ರಕರಣಗಳಲ್ಲಿ ರೋಗಿಗಳಿಗೆ ಹಾನಿಯಾಯಿತು ಎಂದು 2022ರ ತನಿಖಾ ವರದಿ ಹೇಳಿತು. 2023ರಲ್ಲಿ ವಿಸ್ತರಣೆಯನ್ನು ನಿಲ್ಲಿಸಿದರು. ಮುಂದಿನ ಸರದಿ 2026ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯ್ಟ್, ಆ್ಯನ್ ಆರ್ಬರ್, ಬ್ಯಾಟಲ್ ಕ್ರೀಕ್ ಮತ್ತು ಸ್ಯಾಗಿನಾ ಆಸ್ಪತ್ರೆಗಳದ್ದು ಎಂದು ಇಲಾಖೆ ಪಟ್ಟಿ ಹಾಕಿಕೊಂಡಿತು. ಹೊಸ ವ್ಯವಸ್ಥೆ ಕೈಗೆ ಹತ್ತುವವರೆಗೆ ಪ್ರತಿ ರೋಗಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಆ ನಾಲ್ಕು ಊರುಗಳ ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸ್, ಲ್ಯಾಬ್‌ನಲ್ಲಿ ಎಷ್ಟು ಜನ, ಬೆಡ್ ತೊಳೆಯಲು ಎಷ್ಟು ಜನ ಇರುತ್ತಾರೆ ಎಂಬ ಲೆಕ್ಕವನ್ನು ಇಲಾಖೆ ಮೊದಲೇ ಜನರ ಮುಂದೆ ಇಡಬೇಕು.